512 ಜಿಬಿ ಬೇಕೆಂದರೆ ಮೊದಲು ಚಾನಲ್ ಎಣಿಸಿ

ಪ್ರಶ್ನೆ: ನಾವು ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗಗಳಿಗೆ ಸ್ಟ್ರೆಸ್ ಅನಾಲಿಸಿಸ್ ಮಾಡಿಕೊಡುವ ಸಣ್ಣ ಆಫೀಸ್ ನಡೆಸುತ್ತೇವೆ. ಒಟ್ಟು ಏಳು ಜನ. ಎರಡು ಪ್ರೊಸೆಸರ್‌ಗಳ ಒಂದು ರ್ಯಾಕ್ ಸರ್ವರ್ ಇದೆ. ಎರಡೂ ಝಿಯಾನ್ ಗೋಲ್ಡ್ 6248. 24 ಸ್ಲಾಟ್‌ಗಳ ಪೈಕಿ 12ರಲ್ಲಿ 16 ಜಿಬಿಯ ಡಿಡಿಆರ್4 ಮೆಮೊರಿ ಇದೆ, ಒಟ್ಟು 192 ಜಿಬಿ. ದೊಡ್ಡ ಮಾಡೆಲ್ ಓಡಿಸಿದರೆ ಡಿಸ್ಕ್ ದೀಪ ಮಿನುಗುತ್ತಲೇ ಇರುತ್ತದೆ, ರಾತ್ರಿಯೆಲ್ಲಾ ಕಾದರೂ ಕೆಲಸ ಮುಗಿಯುವುದಿಲ್ಲ. 512 ಜಿಬಿ ಮಾಡೋಣ ಎಂದುಕೊಂಡಿದ್ದೇವೆ. ಒಬ್ಬ ಡೀಲರ್ ಹಳೆಯದನ್ನೆಲ್ಲಾ ತೆಗೆದು 64 ಜಿಬಿಯ 8 ಎಲ್‌ಆರ್‌ಡಿಮ್ ಹಾಕಿ ಎನ್ನುತ್ತಾರೆ. ಇನ್ನೊಬ್ಬರು 32 ಜಿಬಿಯ 16 ಆರ್‌ಡಿಮ್ ಎನ್ನುತ್ತಾರೆ. ಯಾವುದು ಸರಿ? ತೆಗೆದ 16 ಜಿಬಿ ಸ್ಟಿಕ್‌ಗಳನ್ನು ನಮ್ಮ ಐ9 ವರ್ಕ್‌ಸ್ಟೇಷನ್‌ಗೆ ಹಾಕಬಹುದಾ? ಅದರಲ್ಲಿ ಈಗ 64 ಜಿಬಿ ಡಿಡಿಆರ್5 ಇದೆ.

ಉತ್ತರ: ನಮಸ್ಕಾರ. ಮಾಡೆಲ್ ನಂಬರ್, ಸ್ಲಾಟ್ ಲೆಕ್ಕ ಎಲ್ಲಾ ಬರೆದಿದ್ದೀರಿ. ಇಷ್ಟು ವಿವರ ಇದ್ದರೆ ಊಹೆ ಮಾಡುವ ಪ್ರಮೇಯ ಬರುವುದಿಲ್ಲ. ಹಾಗಾಗಿ ನೇರವಾಗಿ ಹೇಳುತ್ತೇನೆ: ಎರಡೂ ಕೊಟೇಶನ್ ಬೇಡ. 32 ಜಿಬಿಯ 12 ಆರ್‌ಡಿಮ್ ತೆಗೆದುಕೊಳ್ಳಿ (ಆರ್‌ಡಿಮ್, ಎಲ್‌ಆರ್‌ಡಿಮ್ ಎಂದರೆ ಸರ್ವರ್ ಮೆಮೊರಿ ಸ್ಟಿಕ್‌ನ ಎರಡು ಬಗೆ, ವ್ಯತ್ಯಾಸ ಮುಂದೆ ಹೇಳುತ್ತೇನೆ). ಹಳೆಯ 16 ಜಿಬಿಯ 12 ಸ್ಟಿಕ್ ಅಲ್ಲೇ ಇರಲಿ. ಒಟ್ಟು 576 ಜಿಬಿ ಆಗುತ್ತದೆ. ನೀವು ಕೇಳಿದ್ದಕ್ಕಿಂತ ಜಾಸ್ತಿ ಮೆಮೊರಿ, ಎರಡೂ ಡೀಲರ್ ಹೇಳಿದ್ದಕ್ಕಿಂತ ಕಡಿಮೆ ಖರೀದಿ. ಮುಖ್ಯವಾಗಿ, ನಿಮ್ಮ ಸರ್ವರ್ ತನ್ನ ಪೂರ್ತಿ ಅಗಲದಲ್ಲಿ ಓಡುತ್ತದೆ. ಆ ಅಗಲದ ವಿಷಯವನ್ನು ಡೀಲರ್‌ಗಳು ಹೇಳುವುದಿಲ್ಲ, ಗಿರಾಕಿಗಳು ಕೇಳುವುದಿಲ್ಲ. ಹಾಗಾಗಿ ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರೊಸೆಸರ್‌ಗೂ ಮೆಮೊರಿಗೂ ನಡುವೆ ಇರುವ ದಾರಿಗಳಿಗೆ ಚಾನಲ್ ಎನ್ನುತ್ತಾರೆ. 2019ರಲ್ಲಿ ಬಂದ ನಿಮ್ಮ ಎರಡನೇ ಪೀಳಿಗೆಯ ಝಿಯಾನ್‌ನಲ್ಲಿ ಒಂದೊಂದು ಪ್ರೊಸೆಸರ್‌ಗೆ 6 ಚಾನಲ್. ಒಂದೊಂದು ಚಾನಲ್‌ಗೆ 2 ಸ್ಲಾಟ್. ಅಂದರೆ ಪ್ರೊಸೆಸರ್‌ಗೆ 12, ಎರಡಕ್ಕೆ 24. ನಿಮ್ಮ ಲೆಕ್ಕ ಸರಿಯಾಗಿ ಹೊಂದುತ್ತದೆ.

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಟೋಲ್ ನಾಕಾ ದಾಟಿದ್ದೀರಲ್ಲ? ಆರು ಬೂತ್ ಇರುವ ಒಂದು ನಾಕಾದಲ್ಲಿ ನಾಲ್ಕೇ ತೆರೆದಿವೆ ಎಂದುಕೊಳ್ಳಿ. ಆಚೆ ಎಷ್ಟೇ ದೊಡ್ಡ ಪಾರ್ಕಿಂಗ್ ಮೈದಾನ ಕಟ್ಟಿದರೂ ಗಾಡಿಗಳ ಸಾಲು ಕರಗುವುದಿಲ್ಲ. ಜಿಬಿ ಎಂದರೆ ಮೈದಾನ. ಚಾನಲ್ ಎಂದರೆ ಬೂತ್. ಸ್ಟಿಕ್ ಹಾಕದ ಚಾನಲ್ ಮುಚ್ಚಿದ ಬೂತ್ ಇದ್ದ ಹಾಗೆ.

ಈಗ ಮೊದಲನೇ ಡೀಲರ್ ಹೇಳಿದ್ದನ್ನು ನೋಡೋಣ. 64 ಜಿಬಿಯ 8 ಸ್ಟಿಕ್. ಪ್ರೊಸೆಸರ್‌ಗೆ ನಾಲ್ಕು. ಆರು ಚಾನಲ್‌ಗಳಲ್ಲಿ ಎರಡು ಖಾಲಿ. ಅವರು ಕೊಡುವುದು 2666 ವೇಗದ ಸ್ಟಿಕ್ ಎಂದುಕೊಳ್ಳೋಣ, 64 ಜಿಬಿ ಎಲ್‌ಆರ್‌ಡಿಮ್ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಅದೇ. 2666ರಲ್ಲಿ ಒಂದು ಚಾನಲ್ ಸೆಕೆಂಡಿಗೆ ಹೆಚ್ಚೆಂದರೆ 21.3 ಜಿಬಿ ಸಾಗಿಸುತ್ತದೆ. ನಾಲ್ಕು ಸೇರಿ ಸುಮಾರು 85. ಇವತ್ತು ನಿಮ್ಮ ಸರ್ವರ್‌ನಲ್ಲಿ ಆರೂ ಚಾನಲ್‌ಗೆ ಒಂದೊಂದು ಸ್ಟಿಕ್ ಇದೆ. ಅವು 2933ರವಾಗಿದ್ದರೆ ಚಾನಲ್‌ಗೆ 23.5, ಆರಕ್ಕೆ ಸುಮಾರು 140. ಅಂದರೆ ಅಷ್ಟು ದುಡ್ಡು ಕೊಟ್ಟ ಮೇಲೆ ನಿಮ್ಮ ಮೆಮೊರಿಯ ಹರಿವು ಈಗಿನದಕ್ಕಿಂತ ಶೇಕಡಾ 40ರಷ್ಟು ಕುಗ್ಗುತ್ತದೆ. ಸ್ಟ್ರೆಸ್ ಅನಾಲಿಸಿಸ್ ಸಾಲ್ವರ್‌ಗಳು ದೊಡ್ಡ ದೊಡ್ಡ ಮ್ಯಾಟ್ರಿಕ್ಸ್‌ಗಳನ್ನು ಮೆಮೊರಿಯಿಂದ ಮತ್ತೆ ಮತ್ತೆ ಎಳೆದುಕೊಳ್ಳುತ್ತವೆ. ಇಂಥ ಕೆಲಸಕ್ಕೆ ಈ ಹರಿವು ತುಂಬಾ ಮುಖ್ಯ. ಫೈಲ್ ಸರ್ವರ್ ಆಗಿದ್ದರೆ ನಾನು ಇಷ್ಟು ಹಟ ಮಾಡುತ್ತಿರಲಿಲ್ಲ.

ಎರಡನೇ ಡೀಲರ್‌ನ 16 ಸ್ಟಿಕ್ ಕೂಡ ಹೀಗೆಯೇ. ಪ್ರೊಸೆಸರ್‌ಗೆ ಎಂಟು. ಎಂಟನ್ನು ಆರಕ್ಕೆ ಸಮನಾಗಿ ಹಂಚಲು ಬರುವುದಿಲ್ಲ. ನಾಲ್ಕು ಚಾನಲ್‌ಗೆ ಎರಡೆರಡು ಹಾಕಿದರೆ ಎರಡು ಚಾನಲ್ ಖಾಲಿ. ಎಲ್ಲಕ್ಕೂ ಹಂಚಿದರೆ ಕೆಲವು ಚಾನಲ್‌ನಲ್ಲಿ 64, ಕೆಲವದರಲ್ಲಿ 32 ಆಗಿ, ಪ್ರೊಸೆಸರ್ ಡೇಟಾವನ್ನು ಎಲ್ಲಾ ಚಾನಲ್‌ಗಳ ಮೇಲೆ ಒಂದೇ ಸಮ ಹರಡಲು ಆಗುವುದಿಲ್ಲ.

512 ನಮ್ಮ ಕಣ್ಣಿಗೆ ಒಗ್ಗಿದ ಅಂಕಿ. ಆದರೆ 6 ಚಾನಲ್‌ನ ಯಂತ್ರಕ್ಕೆ ಅದು ಒಗ್ಗುವುದಿಲ್ಲ. 6ರ ಮನೆಯ ಅಂಕಿಗಳು 192, 384, 768. ಇಲ್ಲವೇ ಹಳೆಯದು ಹೊಸದು ಕೂಡಿಸಿದ 576. ಪ್ರತಿ ಚಾನಲ್‌ನಲ್ಲಿ ಒಂದು 32, ಒಂದು 16. ಒಟ್ಟು 48. ಅಂಥ 12 ಚಾನಲ್, 576. ಎಲ್ಲಾ ಚಾನಲ್ ಒಂದೇ ತೂಕ. ಒಂದು ಚಾನಲ್‌ನ ಒಳಗೆ ಬೇರೆ ಬೇರೆ ಅಳತೆ ಇರುವುದು ತಪ್ಪಲ್ಲ, ಎಲ್ಲಾ ಚಾನಲ್ ಒಂದೇ ತರಹ ಇರಬೇಕು ಅಷ್ಟೇ.

ಇಲ್ಲಿ ಒಂದು ಸಣ್ಣ ನಷ್ಟ ಇದೆ, ಮುಚ್ಚಿಡುವುದಿಲ್ಲ. ಚಾನಲ್‌ಗೆ ಎರಡು ಸ್ಟಿಕ್ ಹಾಕಿದರೆ ನಿಮ್ಮ ಪ್ರೊಸೆಸರ್‌ನಲ್ಲಿ ವೇಗ ಸಾಮಾನ್ಯವಾಗಿ 2933ರಿಂದ 2666ಕ್ಕೆ ಇಳಿಯುತ್ತದೆ. ಹರಿವು 140ರಿಂದ 128 ಆಗುತ್ತದೆ. ಮೆಮೊರಿ ಸಾಲದೆ ಡೇಟಾ ಡಿಸ್ಕ್‌ಗೆ ಓಡಾಡುವುದು ತಪ್ಪಿದರೆ ಆ ನಷ್ಟ ನಿಮಗೆ ಗೊತ್ತೂ ಆಗುವುದಿಲ್ಲ.

ಹಾಗಾದರೆ ನಿಮಗೆ ನಿಜವಾಗಿ ಎಷ್ಟು ಬೇಕು? ದುಡ್ಡು ಕೊಡುವ ಮೊದಲು ಒಂದು ಸಂಜೆ ಇದಕ್ಕೆ ಕೊಡಿ. ನೀವು ಯಾವ ಸಾಫ್ಟ್‌ವೇರ್ ಬಳಸುತ್ತೀರಿ ಎಂದು ಬರೆದಿಲ್ಲ. ಅಬಾಕಸ್ ಆಗಿದ್ದರೆ ಜಾಬ್‌ನ ಡ್ಯಾಟ್ ಫೈಲ್ ತೆರೆಯಿರಿ. ಅದರಲ್ಲಿ ಮೆಮೊರಿಯ ಅಂದಾಜು ಎರಡು ಅಂಕಿಗಳಲ್ಲಿ ಇರುತ್ತದೆ. ಒಂದು, ಕೆಲಸ ನಡೆಯಲು ಬೇಕಾದ ಕನಿಷ್ಠ ಮೆಮೊರಿ. ಇನ್ನೊಂದು, ಡಿಸ್ಕ್ ಓಡಾಟ ಕಡಿಮೆ ಮಾಡಲು ಬೇಕಾದ ಮೆಮೊರಿ. ನಿಮಗೆ ಬೇಕಾದ್ದು ಎರಡನೆಯದು. ಅನ್ಸಿಸ್‌ನಲ್ಲೂ ಸ್ಪಾರ್ಸ್ ಸಾಲ್ವರ್ ಪೂರ್ತಿ ಮೆಮೊರಿಯಲ್ಲೇ ಓಡಲು ಎಷ್ಟು ಬೇಕು ಎಂಬುದು ಔಟ್‌ಪುಟ್‌ನಲ್ಲಿ ಬರುತ್ತದೆ. ನಿಮ್ಮಲ್ಲಿರುವ ಅತಿ ದೊಡ್ಡ ಮೂರು ಮಾಡೆಲ್‌ಗಳ ಅಂಕಿ ಬರೆದುಕೊಳ್ಳಿ. ಒಂದೇ ಹೊತ್ತಿಗೆ ಎರಡು ಜಾಬ್ ಓಡಿಸುವ ರೂಢಿ ಇದ್ದರೆ ಕೂಡಿಸಿ. ಆಪರೇಟಿಂಗ್ ಸಿಸ್ಟಮ್‌ಗೆ, ಫೈಲ್ ಕ್ಯಾಶೆಗೆ ಎಂದು ಇನ್ನೊಂದು ಹತ್ತು ಹದಿನೈದು ಶೇಕಡಾ ಸೇರಿಸಿ.

ಆ ಅಂಕಿ 350ರ ಒಳಗೆ ಬಂದರೆ ನನ್ನ ಸಲಹೆ ಸ್ವಲ್ಪ ಬದಲಾಗುತ್ತದೆ. ಅದೇ 32 ಜಿಬಿಯ 12 ಸ್ಟಿಕ್ ತಗೊಳ್ಳಿ, ಹಳೆಯವನ್ನು ತೆಗೆದಿಡಿ. 384 ಜಿಬಿ, ಪೂರ್ತಿ 2933ರ ವೇಗ. ಮುಂದೆ ಬೇಕಾದಾಗ ಹಳೆಯವನ್ನು ಮತ್ತೆ ಹಾಕಿದರಾಯಿತು. 550 ದಾಟಿದರೆ ಮಾತ್ರ 64 ಜಿಬಿಯ 12 ಸ್ಟಿಕ್ ಹಾಕಿ 768 ಮಾಡುವ ಯೋಚನೆ ಮಾಡಿ. ನಿಮ್ಮ ಪ್ರೊಸೆಸರ್ ಒಂದೊಂದೂ 1 ಟಿಬಿವರೆಗೆ ಒಪ್ಪುತ್ತದೆ, ಆ ಮಿತಿ ಅಡ್ಡ ಬರುವುದಿಲ್ಲ.

ಇನ್ನು ಆರ್‌ಡಿಮ್, ಎಲ್‌ಆರ್‌ಡಿಮ್ ವಿಷಯ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಕೆಲವು ವರ್ಷಗಳ ಹಿಂದೆ ಅಂಧೇರಿಯ ಒಂದು ಆಫೀಸ್‌ಗೆ ಮೆಮೊರಿ ಹೆಚ್ಚಿಸಿಕೊಡಬೇಕಿತ್ತು. ಸರ್ವರ್‌ನಲ್ಲಿ ಆರ್‌ಡಿಮ್ ಇತ್ತು. ಇನ್ನೂ ಎಂಟು ಸ್ಟಿಕ್ ಬೇಕು ಎಂದು ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಿಂದ ತರಿಸಿದೆ. ಬಿಲ್ ಮೇಲೆ "ಸರ್ವರ್ ರ್ಯಾಮ್ 64 ಜಿಬಿ ಇಸಿಸಿ" ಎಂದಷ್ಟೇ ಇತ್ತು (ಇಸಿಸಿ ಎಂದರೆ ಮೆಮೊರಿಯ ದೋಷವನ್ನು ಹಿಡಿದು ಸರಿಪಡಿಸುವ ವ್ಯವಸ್ಥೆ). ನಾನೂ ಲೇಬಲ್ ಪೂರ್ತಿ ಓದಲಿಲ್ಲ. ಶನಿವಾರ ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಹಾಕಿದೆವು. ಸರ್ವರ್ ಏಳಲೇ ಇಲ್ಲ. ಕೆಂಪು ದೀಪ ಮಾತ್ರ. ಒಂದೊಂದೇ ತೆಗೆದು ಹಾಕಿ ನೋಡುತ್ತಾ ರಾತ್ರಿ ಎರಡು ಗಂಟೆ ಆಯಿತು. ಕೊನೆಗೆ ಟಾರ್ಚ್ ಹಿಡಿದು ಲೇಬಲ್ ಓದಿದಾಗ ಗೊತ್ತಾಯಿತು, ಹೊಸವು ಎಲ್‌ಆರ್‌ಡಿಮ್. ಪೊಟ್ಟಣ ಒಡೆದಿದೆ ಎಂದು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಆ ನಷ್ಟ ತುಂಬಿಸಿಕೊಡಲು ನನಗೆ ಮೂರು ತಿಂಗಳು ಹಿಡಿಯಿತು.

ವ್ಯತ್ಯಾಸ ಇಷ್ಟೇ. ಸಾದಾ ಡೆಸ್ಕ್‌ಟಾಪ್ ಸ್ಟಿಕ್‌ಗೆ ಯುಡಿಮ್ ಎನ್ನುತ್ತಾರೆ. ಅದರಲ್ಲಿ ಪ್ರೊಸೆಸರ್ ನೇರವಾಗಿ ಪ್ರತಿ ಚಿಪ್ಪಿನ ಜೊತೆ ಮಾತಾಡುತ್ತದೆ. ಚಿಪ್ಪು ಹೆಚ್ಚಾದಷ್ಟೂ ಸಿಗ್ನಲ್ ಮೇಲೆ ಭಾರ ಬೀಳುತ್ತದೆ. ಆರ್‌ಡಿಮ್‌ನಲ್ಲಿ ನಡುವೆ ರಿಜಿಸ್ಟರ್ ಎಂಬ ಒಂದು ಚಿಪ್ಪು ಇರುತ್ತದೆ. ಆದೇಶ ಮತ್ತು ವಿಳಾಸದ ಸಿಗ್ನಲ್‌ಗಳನ್ನು ಅದು ಹಿಡಿದು ಮುಂದಕ್ಕೆ ಹಂಚುತ್ತದೆ. ಎಲ್‌ಆರ್‌ಡಿಮ್‌ನಲ್ಲಿ ಡೇಟಾ ಸಿಗ್ನಲ್‌ಗಳಿಗೂ ಬೇರೆ ಬಫರ್ ಚಿಪ್ಪುಗಳಿರುತ್ತವೆ. ಅದರಿಂದ ಇನ್ನೂ ದೊಡ್ಡ ಸ್ಟಿಕ್ ಮಾಡಬಹುದು, ಚಾನಲ್‌ಗೆ ಹೆಚ್ಚು ಸ್ಟಿಕ್ ಹಾಕಬಹುದು. ಅದಕ್ಕೆ ತಕ್ಕಂತೆ ಸ್ವಲ್ಪ ತಡವೂ ಆಗುತ್ತದೆ, ಸ್ವಲ್ಪ ಹೆಚ್ಚು ಕರೆಂಟ್ ತಿನ್ನುತ್ತದೆ, ಬಿಸಿಯೂ ಜಾಸ್ತಿ. ಎಲ್‌ಆರ್‌ಡಿಮ್ ಕೆಟ್ಟದ್ದಲ್ಲ. ಹಳೆಯ ಇ5 ಪೀಳಿಗೆಯ ಝಿಯಾನ್ ಸರ್ವರ್ ಇದ್ದವರಿಗೆ 64 ಜಿಬಿ ಎಂದರೆ ಅದೇ ದಾರಿ. ಆದರೆ ಆರ್‌ಡಿಮ್ ಮತ್ತು ಎಲ್‌ಆರ್‌ಡಿಮ್ ಒಂದೇ ಸರ್ವರ್‌ನಲ್ಲಿ ಒಟ್ಟಿಗೆ ಬಾಳುವುದಿಲ್ಲ. ನಿಮ್ಮ 12 ಹಳೇ ಸ್ಟಿಕ್ ಆರ್‌ಡಿಮ್. 16 ಜಿಬಿ ಅಳತೆಯಲ್ಲಿ ಈ ಪೀಳಿಗೆಗೆ ಬರುವುದು ಅದೇ. ಎಲ್‌ಆರ್‌ಡಿಮ್ ತಂದರೆ ಅಷ್ಟೂ ಹೊರಗೆ.

ಲೇಬಲ್ ಓದುವುದು ಕಷ್ಟವಲ್ಲ. ಸರ್ವರ್ ಆಫ್ ಮಾಡಿ, ಒಂದು ಹಳೇ ಸ್ಟಿಕ್ ತೆಗೆದು ಮೊಬೈಲ್‌ನಲ್ಲಿ ಫೋಟೋ ಹೊಡೆಯಿರಿ. "16ಜಿಬಿ 2ಆರ್‌ಎಕ್ಸ್8 ಪಿಸಿ4-2933ವೈ-ಆರ್ಇ" ಎಂಬಂಥ ಸಾಲು ಇರುತ್ತದೆ. ಮೊದಲನೆಯದು ಅಳತೆ. "2ಆರ್" ಎಂದರೆ ಎರಡು ರ್ಯಾಂಕ್, ಅಂದರೆ ಚಿಪ್ಪುಗಳ ಎರಡು ತಂಡ. "ಎಕ್ಸ್8" ಎಂದರೆ ಒಂದೊಂದು ಚಿಪ್ಪು ಒಂದು ಸಲಕ್ಕೆ 8 ಬಿಟ್ ಕೊಡುತ್ತದೆ. "ಪಿಸಿ4" ಎಂದರೆ ಡಿಡಿಆರ್4. ಆಮೇಲೆ ವೇಗ: 2400ಕ್ಕೆ ಟಿ, 2666ಕ್ಕೆ ವಿ, 2933ಕ್ಕೆ ವೈ, 3200ಕ್ಕೆ ಎಎ. ಅದರ ನಂತರ ಬರುವ ಗೆರೆಯ ಮುಂದಿನ ಅಕ್ಷರ ನಿಜವಾದ ಜಾತಕ. ಆರ್ ಇದ್ದರೆ ಆರ್‌ಡಿಮ್. ಎಲ್ ಇದ್ದರೆ ಎಲ್‌ಆರ್‌ಡಿಮ್. ಇ ಇದ್ದರೆ ಇಸಿಸಿ ಇರುವ ಯುಡಿಮ್. ಯು ಇದ್ದರೆ ಸಾದಾ ಯುಡಿಮ್. ಆ ರಾತ್ರಿ ಅಂಧೇರಿಯಲ್ಲಿ ನಾನು ಓದದೆ ಬಿಟ್ಟಿದ್ದು ಈ ಒಂದು ಅಕ್ಷರ.

ಹೊಸದಾಗಿ ಕೊಳ್ಳುವಾಗ 2ಆರ್‌ಎಕ್ಸ್4 ಕೇಳಿ. ಎಕ್ಸ್4 ಚಿಪ್ಪಿನ ಸ್ಟಿಕ್‌ನಲ್ಲಿ ಒಂದು ಇಡೀ ಚಿಪ್ಪು ಸತ್ತರೂ ಸರ್ವರ್ ಡೇಟಾ ಸರಿಪಡಿಸಿಕೊಂಡು ನಡೆಯಬಲ್ಲದು. ಎಕ್ಸ್8ರಲ್ಲಿ ಅಷ್ಟು ರಕ್ಷಣೆ ಸಿಗುವುದಿಲ್ಲ. ನಿಮ್ಮ ಹಳೆಯವು ಎಕ್ಸ್8 ಆಗಿದ್ದರೆ ಎರಡೂ ಕೂಡಿ ಇರಬಹುದೇ ಎಂದು ಸರ್ವರ್ ಕೈಪಿಡಿಯ ಮೆಮೊರಿ ಅಧ್ಯಾಯ ನೋಡಿ. ಈ ಪೀಳಿಗೆಯ ಬಹಳಷ್ಟು ಸರ್ವರ್‌ಗಳು ಒಪ್ಪುತ್ತವೆ. ಆದರೂ ನಿಮ್ಮ ಮಾಡೆಲ್‌ದೇ ಮಾತು ಕೊನೆಯ ಮಾತು. 3200ರ ಸ್ಟಿಕ್ ಅಗ್ಗಕ್ಕೆ ಸಿಕ್ಕರೂ ಪರವಾಗಿಲ್ಲ, ಕೈಪಿಡಿ ಒಪ್ಪಿದರೆ ಸರ್ವರ್ ತನಗೆ ಬೇಕಾದ ವೇಗಕ್ಕೆ ಇಳಿಸಿಕೊಳ್ಳುತ್ತದೆ. ಅದಕ್ಕಾಗಿ ಹೆಚ್ಚು ದುಡ್ಡು ಮಾತ್ರ ಕೊಡಬೇಡಿ.

ಇಸಿಸಿ ಬಗ್ಗೆ ನೀವು ಕೇಳಿಲ್ಲ. ಆದರೂ ನಿಮ್ಮ ಕೆಲಸ ನೋಡಿ ಹೇಳದೆ ಇರಲಾರೆ. ಮೆಮೊರಿಯಲ್ಲಿ ಒಂದು ಬಿಟ್ ತಾನಾಗಿ ತಿರುಗಿಬಿಡುವುದು ಅಪರೂಪದ ಸಂಗತಿ ಎಂದು ಬಹಳ ಜನ ತಿಳಿದಿದ್ದಾರೆ. 2009ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು ಗೂಗಲ್‌ನ ಸರ್ವರ್‌ಗಳ ಲೆಕ್ಕ ತೆಗೆದು ಪ್ರಕಟಿಸಿದರು. ವರ್ಷಕ್ಕೆ ಶೇಕಡಾ 8ಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ ಸರಿಪಡಿಸಬಹುದಾದ ದೋಷ ಕಂಡಿತ್ತು. ಇಸಿಸಿ ಇದ್ದದ್ದರಿಂದ ಅವು ಸರಿಯಾದವು. ಇಸಿಸಿ ಇಲ್ಲದ ಯಂತ್ರದಲ್ಲಿ ಅದೇ ದೋಷ ಬಂದರೆ ಕೆಲವೊಮ್ಮೆ ಯಂತ್ರ ನಿಲ್ಲುತ್ತದೆ, ಕೆಲವೊಮ್ಮೆ ಏನೂ ಆಗದಂತೆ ತಪ್ಪು ಉತ್ತರ ಕೊಡುತ್ತದೆ. ನೀವು ಲೆಕ್ಕ ಹಾಕುವುದು ಬ್ರೇಕ್‌ನ, ಸಸ್ಪೆನ್ಷನ್‌ನ ಭಾಗಗಳನ್ನು ಇರಬಹುದು. ಆ ಉತ್ತರ ನಂಬಿ ಯಾರೋ ಗಾಡಿ ಓಡಿಸುತ್ತಾರೆ. 64 ಜಿಬಿಗಿಂತ 512 ಜಿಬಿಯಲ್ಲಿ ಬಿಟ್‌ಗಳು ಎಂಟು ಪಟ್ಟು, ದೋಷಕ್ಕೆ ಅವಕಾಶವೂ ಅಷ್ಟೇ ಜಾಸ್ತಿ. ದೊಡ್ಡ ಮೆಮೊರಿಗೆ ಇಸಿಸಿ ಇರಲೇಬೇಕು ಎನ್ನುವುದು ಇದಕ್ಕೇ.

ಈಗ ನಿಮ್ಮ ವರ್ಕ್‌ಸ್ಟೇಷನ್. 16 ಜಿಬಿ ಸ್ಟಿಕ್‌ಗಳು ಅಲ್ಲಿ ಕೂರುವುದಿಲ್ಲ. ಎರಡಕ್ಕೂ 288 ಪಿನ್ ಇದ್ದರೂ ಡಿಡಿಆರ್4 ಮತ್ತು ಡಿಡಿಆರ್5ರ ಕಚ್ಚು ಬೇರೆ ಜಾಗದಲ್ಲಿದೆ. ವೋಲ್ಟೇಜ್ 1.2 ಮತ್ತು 1.1. ಡಿಡಿಆರ್5ರಲ್ಲಿ ಕರೆಂಟ್ ಹೊಂದಿಸುವ ಚಿಪ್ಪು ಸ್ಟಿಕ್ ಮೇಲೆಯೇ ಬಂದಿದೆ. ಒತ್ತಿ ಕೂರಿಸಲು ಹೋಗಬೇಡಿ, ಸ್ಲಾಟ್ ಒಡೆಯುತ್ತದೆ. ಹಾಗೆಯೇ ಡಿಡಿಆರ್5ರ ಸರ್ವರ್ ಆರ್‌ಡಿಮ್ ಅಗ್ಗಕ್ಕೆ ಸಿಕ್ಕಿತು ಎಂದು ಐ9ಗೆ ತರಬೇಡಿ. ಡಿಡಿಆರ್5ರಲ್ಲಿ ಆರ್‌ಡಿಮ್ ಮತ್ತು ಯುಡಿಮ್‌ಗಳ ಕಚ್ಚು ಕೂಡ ಬೇರೆ ಮಾಡಿದ್ದಾರೆ. ಡಿಡಿಆರ್4ರಲ್ಲಿ ಕಚ್ಚು ಒಂದೇ ಇತ್ತು, ತಪ್ಪು ಸ್ಟಿಕ್ ಕೂರುತ್ತಿತ್ತು, ಯಂತ್ರ ಏಳುತ್ತಿರಲಿಲ್ಲ.

ಐ9ಗೆ ಬೇಕಾದ್ದು ಡಿಡಿಆರ್5 ಯುಡಿಮ್. ಅದಕ್ಕೆ ಎರಡೇ ಚಾನಲ್. 13, 14ನೇ ಪೀಳಿಗೆಯದಾದರೆ 48 ಜಿಬಿಯ ನಾಲ್ಕು ಹಾಕಿ 192ರವರೆಗೆ ಹೋಗಬಹುದು. ಆದರೆ ನಾಲ್ಕು ಸ್ಟಿಕ್ ಹಾಕಿದರೆ ವೇಗ ಚೆನ್ನಾಗಿಯೇ ಇಳಿಯುತ್ತದೆ. ಪೊಟ್ಟಣದ ಮೇಲಿನ 5600 ಆಗ ಸಿಗುವುದಿಲ್ಲ. 48 ಜಿಬಿಯ ಎರಡೇ ಸ್ಟಿಕ್ ಹಾಕಿ 96ರಲ್ಲಿ ನಿಲ್ಲಿಸಿ ಎನ್ನುತ್ತೇನೆ. ಮಾಡೆಲ್ ಕಟ್ಟಲು, ಮೆಶ್ ಮಾಡಲು ಅಷ್ಟು ಸಾಕು. ಭಾರದ ಲೆಕ್ಕವನ್ನು ಸರ್ವರ್‌ಗೆ ಬಿಡಿ. ಹೊಸ ಸ್ಟಿಕ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಡಿಡಿಆರ್5 ಆಗ ತನ್ನ ಸಿಗ್ನಲ್‌ಗಳನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ.

ಡಿಡಿಆರ್5ರ ಚಿಪ್ಪಿನೊಳಗೇ ಇಸಿಸಿ ಇದೆ, ಬೇರೆ ಬೇಡ ಎಂದು ಕೆಲವರು ಮಾರುತ್ತಾರೆ. ಅದು ಅರ್ಧ ಮಾತು. ಚಿಪ್ಪಿನೊಳಗಿನ ಇಸಿಸಿ ಆ ಚಿಪ್ಪಿನ ಒಳಗಿನ ದೋಷಕ್ಕೆ ಮಾತ್ರ. ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಕೆಟ್ಟರೆ ಅದಕ್ಕೆ ಗೊತ್ತಾಗುವುದಿಲ್ಲ. ನಿಮ್ಮ ಐ9ಗೆ ನಿಜವಾದ ಇಸಿಸಿ ಬೇಕಿದ್ದರೆ ಡಬ್ಲ್ಯೂ680 ಚಿಪ್‌ಸೆಟ್‌ನ ಬೋರ್ಡ್ ಮತ್ತು ಇಸಿಸಿ ಯುಡಿಮ್ ಎರಡೂ ಬೇಕು.

ಮುಂದೆ ಎಂದಾದರೂ ಹೊಸ ವರ್ಕ್‌ಸ್ಟೇಷನ್ ಕೊಂಡರೆ 512ರ ಅಂಕಿ ಅಲ್ಲಿ ಚೆನ್ನಾಗಿ ಹೊಂದುತ್ತದೆ. ಥ್ರೆಡ್‌ರಿಪ್ಪರ್ ಪ್ರೊ 7000 ಸರಣಿಗೂ, ಝಿಯಾನ್ ಡಬ್ಲ್ಯೂ-3400 ಸರಣಿಗೂ ಎಂಟು ಚಾನಲ್. 64 ಜಿಬಿಯ ಎಂಟು ಡಿಡಿಆರ್5 ಆರ್‌ಡಿಮ್ ಹಾಕಿದರೆ ಸರಿಯಾಗಿ 512. ಎಎಮ್‌ಡಿ ಎಪಿಕ್ 9004 ಸರ್ವರ್ ಕೊಂಡರೆ 12 ಚಾನಲ್, ಅಲ್ಲಿ ಮತ್ತೆ 384, 576, 768ರ ಲೆಕ್ಕ. 128 ಜಿಬಿ, 256 ಜಿಬಿ ಸ್ಟಿಕ್‌ಗಳೂ ಇವೆ. ಆದರೆ 256 ಜಿಬಿಯಂಥ ಸ್ಟಿಕ್‌ನಲ್ಲಿ ಚಿಪ್ಪಿನ ಮೇಲೆ ಚಿಪ್ಪು ಪೇರಿಸಿ ಒಳಗಿಂದ ತಂತಿ ಜೋಡಿಸಿರುತ್ತಾರೆ. ಜಿಬಿ ಲೆಕ್ಕದಲ್ಲಿ ತುಂಬಾ ತುಟ್ಟಿ. ಸ್ಲಾಟ್ ಮುಗಿದವರಿಗೆ ಮಾತ್ರ ಅದು.

ಖರೀದಿ ವಿಷಯಕ್ಕೆ ಬರೋಣ. 2025ರ ಕೊನೆಯಿಂದ ಮೆಮೊರಿ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳು ಸಿಕ್ಕಿದ್ದನ್ನೆಲ್ಲಾ ಎತ್ತುತ್ತಿವೆ. ಡಿಡಿಆರ್4 ಚಿಪ್ಪಿನ ತಯಾರಿಕೆಯನ್ನು ದೊಡ್ಡ ಕಂಪನಿಗಳು ಕಡಿಮೆ ಮಾಡುತ್ತಾ ಬಂದಿವೆ. ಅದಕ್ಕೇ ನಾನು ಇಲ್ಲಿ ರೂಪಾಯಿ ಬರೆಯುತ್ತಿಲ್ಲ. ಸೋಮವಾರದ ಕೊಟೇಶನ್ ಶುಕ್ರವಾರ ನಡೆಯುವುದಿಲ್ಲ. ಮೂರು ಕಡೆ ಒಂದೇ ದಿನ ಕೇಳಿ. ಪುಣೆಯ ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಸರ್ವರ್ ಸ್ಟಿಕ್ ಸಿಗದಿದ್ದರೆ ಮುಂಬೈಯ ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ.

ರೀಫರ್ಬ್ ಮಾಲು ಬೇಡ ಎಂದು ನಾನು ಹೇಳುವುದಿಲ್ಲ. ದೊಡ್ಡ ಡೇಟಾ ಸೆಂಟರ್‌ನಿಂದ ಕಳಚಿ ಬಂದ ಸ್ಟಿಕ್ ಹೆಚ್ಚಾಗಿ ತಂಪಾದ ಕೋಣೆಯಲ್ಲಿ ಬಾಳಿರುತ್ತದೆ. ಮೆಮೊರಿ ಡಿಸ್ಕ್‌ನ ಹಾಗೆ ಸವೆಯುವ ವಸ್ತುವಲ್ಲ. ಆದರೆ 12ಕ್ಕೆ 12 ಸ್ಟಿಕ್‌ನ ಪಾರ್ಟ್ ನಂಬರ್ ಒಂದೇ ಇರಲಿ. ಬಿಲ್ ಮೇಲೆ ಆ ಪಾರ್ಟ್ ನಂಬರ್ ಪೂರ್ತಿ ಬರೆಸಿ, ಸೀರಿಯಲ್ ನಂಬರ್‌ಗಳನ್ನೂ ಬರೆಸಿ. ಜಿಎಸ್‌ಟಿ ಬಿಲ್ ಇಲ್ಲದೆ ತಗೊಳ್ಳಬೇಡಿ. ಶೇಕಡಾ 18 ಉಳಿಯಿತು ಎನ್ನಿಸುತ್ತದೆ, ಆದರೆ ವಾರಂಟಿಯೂ ಹೋಗುತ್ತದೆ, ನಿಮಗೆ ಬರಬೇಕಾದ ಇನ್‌ಪುಟ್ ಕ್ರೆಡಿಟ್ಟೂ ಹೋಗುತ್ತದೆ. ಆರ್ಡರ್‌ನಲ್ಲಿ ಹೀಗೆ ಬರೆಯಿರಿ: "12 ನಗ, 32 ಜಿಬಿ, 2ಆರ್‌ಎಕ್ಸ್4, ಪಿಸಿ4-2933ವೈ-ಆರ್, ಇಸಿಸಿ ರಿಜಿಸ್ಟರ್ಡ್. ಎಲ್‌ಆರ್‌ಡಿಮ್ ಬೇಡ. ಹೊಂದದಿದ್ದರೆ 10 ದಿನದೊಳಗೆ ವಾಪಸ್." ಕೊನೆಯ ಎರಡು ಸಾಲಿಗೆ ಒಪ್ಪದ ಅಂಗಡಿ ಬಿಟ್ಟು ಮುಂದೆ ಹೋಗಿ.

ಸರ್ವರ್ ಕಂಪನಿಯ ಸ್ಟಿಕ್ಕರ್ ಇರುವ ಮೆಮೊರಿಯೇ ಬೇಕಾ? ಸ್ಟಿಕ್ಕರ್ ಕೆಳಗೆ ಇರುವುದು ಹೆಚ್ಚಾಗಿ ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್ ಅಥವಾ ಮೈಕ್ರಾನ್‌ದೇ ಚಿಪ್ಪು. ಅದೇ ಪಾರ್ಟ್ ನಂಬರ್‌ನ ಸ್ಟಿಕ್ ಹೊರಗೆ ಸಿಕ್ಕರೆ ಕೆಲಸ ಮಾಡುತ್ತದೆ. ಕೆಲವು ಸರ್ವರ್‌ಗಳು ಆನ್ ಆಗುವಾಗ ಒಂದು ಎಚ್ಚರಿಕೆ ತೋರಿಸುತ್ತವೆ, ಅಷ್ಟೇ. ನಿಮಗೆ ಇನ್ನೂ ಸಪೋರ್ಟ್ ಒಪ್ಪಂದ ಇದ್ದರೆ ಮಾತ್ರ ಅವರ ಸ್ಟಿಕ್ಕರ್‌ಗೆ ದುಡ್ಡು ಕೊಡಿ.

ಹಾಕುವಾಗ ಅವಸರ ಬೇಡ. ಪುಣೆಯ ಡಿಸೆಂಬರ್, ಜನವರಿಯ ಗಾಳಿ ಒಣದು. ಸ್ವೆಟರ್ ತೆಗೆದರೆ ಚಟಪಟ ಎನ್ನುತ್ತದಲ್ಲ, ಆ ಕಿಡಿ ಸಾಕು ಚಿಪ್ಪು ಸುಡಲು. ಮಣಿಕಟ್ಟಿಗೆ ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ಮುಂಬೈಯಲ್ಲಿ ನಮ್ಮ ಕಷ್ಟ ಬೇರೆ. ಇಲ್ಲಿ ಮಳೆಗಾಲದ ತೇವಕ್ಕೆ, ಸಮುದ್ರದ ಉಪ್ಪುಗಾಳಿಗೆ ಪಿನ್‌ಗಳು ಮಂಕಾಗುತ್ತವೆ. ಅದನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಚಟ ಎಲ್ಲಾ ರಿಪೇರಿ ಅಂಗಡಿಗಳಲ್ಲೂ ಇದೆ. ದಯವಿಟ್ಟು ಬೇಡ. ಪಿನ್ ಮೇಲಿನ ಚಿನ್ನದ ಲೇಪ ತೀರಾ ತೆಳು, ಅದು ಸವೆಯುತ್ತದೆ. ರಬ್ಬರ್ ಪುಡಿ ಸ್ಲಾಟ್‌ನಲ್ಲಿ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ, ಎಳೆ ಬಿಡದ ಬಟ್ಟೆಯಿಂದ ಒಂದು ಸಲ ಮೆಲ್ಲಗೆ ಒರೆಸಿದರೆ ಸಾಕು.

ಕ್ರಮ ಹೀಗೆ. ದೊಡ್ಡ ಸ್ಟಿಕ್ ಪ್ರತಿ ಚಾನಲ್‌ನ ಮೊದಲ ಸ್ಲಾಟ್‌ಗೆ, ಸಣ್ಣದು ಎರಡನೆಯದಕ್ಕೆ. ಈಗ ಮೊದಲ ಸ್ಲಾಟ್‌ನಲ್ಲಿ ನಿಮ್ಮ 16ರವು ಕೂತಿರುತ್ತವೆ, ಅವನ್ನು ಎತ್ತಿ ಪಕ್ಕಕ್ಕೆ ಹಾಕಬೇಕು. ಯಾವ ಸ್ಲಾಟ್ ಮೊದಲನೆಯದು ಎಂಬುದು ಮುಚ್ಚಳದ ಒಳಗಿನ ಚಿತ್ರದಲ್ಲಿ ಇರುತ್ತದೆ. ಸ್ಲಾಟ್‌ನ ಕಿವಿಯ ಬಣ್ಣವೂ ಬೇರೆ ಇರುತ್ತದೆ. 24 ಸ್ಟಿಕ್‌ಗೆ ತಲಾ 5 ವಾಟ್ ಎಂದುಕೊಂಡರೂ 120 ವಾಟ್‌ನ ಬಿಸಿ. ಫ್ಯಾನ್‌ಗಳ ಮುಂದಿನ ಧೂಳು ತೆಗೆಯಿರಿ. ಗಾಳಿಗೆ ದಾರಿ ತೋರಿಸುವ ಪ್ಲಾಸ್ಟಿಕ್ ಹೊದಿಕೆಯನ್ನು ಮರೆಯದೆ ವಾಪಸ್ ಹಾಕಿ.

ಆಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ. 576 ಜಿಬಿಗೆ ಒಂದು ಸುತ್ತಿಗೇ ಗಂಟೆಗಟ್ಟಲೆ ಬೇಕು. ಶುಕ್ರವಾರ ಸಂಜೆ ಹಚ್ಚಿ ಸೋಮವಾರ ಬೆಳಿಗ್ಗೆ ನೋಡಿ. ಲಿನಕ್ಸ್ ಇದ್ದರೆ ಡಿಎಮ್‌ಐಡಿಕೋಡ್ ಓಡಿಸಿ, 24 ಸ್ಟಿಕ್‌ಗಳ ಪಾರ್ಟ್ ನಂಬರ್, ವೇಗ ಎಲ್ಲಾ ಲೇಬಲ್ ಜೊತೆ ಹೋಲಿಸಿ. ರಾಸ್‌ಡೀಮನ್ ಹಾಕಿಟ್ಟರೆ ಸರಿಪಡಿಸಿದ ದೋಷಗಳ ಎಣಿಕೆ ಸ್ಲಾಟ್‌ವಾರು ಸಿಗುತ್ತದೆ. ವಾಪಸ್ ಕೊಡುವ 10 ದಿನಗಳಲ್ಲಿ ಅದನ್ನು ದಿನಾ ನೋಡಿ. ಎಲ್ಲೋ ಒಂದೆರಡು ದೋಷ ಬಂದರೆ ಚಿಂತೆ ಬೇಡ. ಒಂದೇ ಸ್ಲಾಟ್‌ನ ಎಣಿಕೆ ದಿನಾ ಏರುತ್ತಿದ್ದರೆ ಆ ಸ್ಟಿಕ್ಕನ್ನು ಅಷ್ಟೇ ಅಳತೆಯ ಇನ್ನೊಂದರ ಜೊತೆ ಅದಲು ಬದಲು ಮಾಡಿ ನೋಡಿ. ದೋಷ ಸ್ಟಿಕ್ ಜೊತೆ ಹೊಸ ಸ್ಲಾಟ್‌ಗೆ ಹೋದರೆ ಸ್ಟಿಕ್ ಹೋಗಿದೆ, ಬಿಲ್ ಹಿಡಿದು ಅಂಗಡಿಗೆ ಹೋಗಿ. ದೋಷ ಹಳೇ ಸ್ಲಾಟ್‌ನಲ್ಲೇ ಉಳಿದರೆ ಸ್ಟಿಕ್ ಚೆನ್ನಾಗಿದೆ. ಆಗ ಪ್ರೊಸೆಸರ್ ತೆಗೆದು ಸಾಕೆಟ್‌ನಲ್ಲಿ ಪಿನ್ ಬಾಗಿದೆಯೇ ಎಂದು ನೋಡಬೇಕಾಗುತ್ತದೆ. ಆ ಕೆಲಸ ಮಾತ್ರ ಮೊದಲು ಮಾಡಿ ಗೊತ್ತಿರುವವರ ಕೈಗೆ ಕೊಡಿ.